ಮಾರ್ಕೆಟಿಂಗ್ ಡಿಗ್ರಿಯಲ್ಲಿ ನಿಜಕ್ಕೂ ಏನು ಓದುತ್ತಾರೆ?

ಮಾರ್ಕೆಟಿಂಗ್ ಡಿಗ್ರಿಗೆ ಸೇರುವ ಬಹಳಷ್ಟು ಜನರ ತಲೆಯಲ್ಲಿ ಇರುವುದು ಜಾಹೀರಾತು. ಮಾತಾಡೋಕೆ ಚೆನ್ನಾಗಿ ಬರುತ್ತದೆ, ಹೊಸ ಐಡಿಯಾಗಳು ಹೊಳೆಯುತ್ತವೆ, ಗಣಿತ ಅಷ್ಟಕ್ಕಷ್ಟೆ, ಹಾಗಾಗಿ ಇದೇ ನನಗೆ ಸರಿ ಎಂದುಕೊಂಡು ಅರ್ಜಿ ಹಾಕುತ್ತಾರೆ. ಮೊದಲ ಸೆಮಿಸ್ಟರ್‌ನ ಟೈಮ್‌ಟೇಬಲ್ ನೋಡಿದರೆ ಅರ್ಥಶಾಸ್ತ್ರ, ಅಕೌಂಟಿಂಗ್, ಸಂಖ್ಯಾಶಾಸ್ತ್ರ. ಜಾಹೀರಾತಿನ ಸುಳಿವೇ ಇಲ್ಲ. ತಪ್ಪು ಕೋರ್ಸಿಗೆ ಬಂದುಬಿಟ್ಟೆನಾ ಎಂಬ ಗಾಬರಿ ಅಲ್ಲೇ ಶುರುವಾಗುತ್ತದೆ.

ಕೋರ್ಸ್ ಸರಿಯಾಗಿಯೇ ಇದೆ. ಇಡೀ ಡಿಗ್ರಿ ಸುತ್ತುವುದು ಎರಡು ಪ್ರಶ್ನೆಗಳ ಸುತ್ತ. ಜನ ಯಾಕೆ ಕೊಳ್ಳುತ್ತಾರೆ? ಅದು ನಿಮಗೆ ಹೇಗೆ ಗೊತ್ತು? ಮೊದಲನೆಯದಕ್ಕೆ ಯಾರನ್ನು ಕೇಳಿದರೂ ಒಂದು ಉತ್ತರ ಸಿಗುತ್ತದೆ. ಡಿಗ್ರಿ ಬೇಕಾಗುವುದು ಎರಡನೆಯದಕ್ಕೆ.

ಈ ವಿಷಯ ಯೂನಿವರ್ಸಿಟಿಯೊಳಗೆ ಬಂದ ದಾರಿ ನೋಡಿದರೆ ಸಿಲಬಸ್ ಹೀಗೇಕಿದೆ ಎಂದು ತಿಳಿಯುತ್ತದೆ. ಅಮೆರಿಕದ ಮಿಷಿಗನ್ ಯೂನಿವರ್ಸಿಟಿಯಲ್ಲಿ 1902ರಲ್ಲಿ ಎಡ್ವರ್ಡ್ ಜೋನ್ಸ್ ಎಂಬ ಅರ್ಥಶಾಸ್ತ್ರದ ಮೇಷ್ಟ್ರು ಇಂಥದ್ದೊಂದು ಕೋರ್ಸ್ ಶುರು ಮಾಡಿದರು. 1905ರಲ್ಲಿ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯಲ್ಲಿ ಹೆಸರಿನಲ್ಲೇ ಮಾರ್ಕೆಟಿಂಗ್ ಎಂದಿದ್ದ ಕೋರ್ಸ್ ಬಂತು. ಆಗ ಅವರು ಕೇಳುತ್ತಿದ್ದದ್ದು ಜಾಹೀರಾತಿನ ಪ್ರಶ್ನೆಯನ್ನಲ್ಲ. ಸರಕು ತಯಾರಿಸಿದವರ ಕೈಯಿಂದ ಕೊಳ್ಳುವವರ ಕೈಗೆ ಹೇಗೆ ಹೋಗುತ್ತದೆ, ನಡುವೆ ಎಷ್ಟು ಜನ ನಿಂತಿರುತ್ತಾರೆ, ಅವರಲ್ಲಿ ಒಬ್ಬೊಬ್ಬರೂ ಮಾಡುವ ಕೆಲಸವೇನು, ಬೆಲೆ ಎಲ್ಲೆಲ್ಲಿ ಏರುತ್ತದೆ ಎಂದು ಕೇಳುತ್ತಿದ್ದರು. ಅಂದರೆ ಮಾರ್ಕೆಟಿಂಗ್ ಬೆಳೆದದ್ದು ಅರ್ಥಶಾಸ್ತ್ರದ ಒಂದು ಕವಲಾಗಿ.

ದೊಡ್ಡ ತಿರುವು ಬಂದದ್ದು 1959ರಲ್ಲಿ. ಫೋರ್ಡ್ ಫೌಂಡೇಷನ್ ಮತ್ತು ಕಾರ್ನೆಗಿ ಕಾರ್ಪೊರೇಷನ್ ಮಾಡಿಸಿದ ಎರಡು ಬೇರೆ ಬೇರೆ ವರದಿಗಳು ಅದೇ ವರ್ಷ ಹೊರಬಂದವು. ಅಮೆರಿಕದ ಬಿಸಿನೆಸ್ ಶಿಕ್ಷಣ ತೆಳುವಾಗಿದೆ, ಅದರ ಹಿಂದೆ ಗಟ್ಟಿಯಾದ ಸಂಶೋಧನೆ ಇಲ್ಲ ಎಂದು ಎರಡೂ ನೇರವಾಗಿ ಹೇಳಿದವು. ಆಮೇಲೆ ಬಿಸಿನೆಸ್ ಸ್ಕೂಲುಗಳು ಮನಶ್ಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಓದಿದವರನ್ನು ಜಾಸ್ತಿ ಜಾಸ್ತಿ ಕರೆತಂದವು. ಇವತ್ತಿನ ಸಿಲಬಸ್‌ನಲ್ಲಿ ಅಷ್ಟೊಂದು ಅಂಕಿಸಂಖ್ಯೆ ಇರುವುದು ಈ ಕಾರಣಕ್ಕೆ. ಯಾರೋ ವಿದ್ಯಾರ್ಥಿಗಳಿಗೆ ಕಷ್ಟ ಕೊಡಲಿ ಎಂದು ಸೇರಿಸಿದ್ದಲ್ಲ.

ಕೆಲವು ದೇಶಗಳಲ್ಲಿ ಡಿಗ್ರಿ 3 ವರ್ಷ, ಕೆಲವು ಕಡೆ 4 ವರ್ಷ. ಹೆಚ್ಚುಕಡಿಮೆ ಎಲ್ಲ ಕಡೆಯೂ ಅದರ ಆಕಾರ ಒಂದೇ. ಮೊದಲು ಎಲ್ಲ ಬಿಸಿನೆಸ್ ವಿದ್ಯಾರ್ಥಿಗಳೂ ಓದುವ ಬುನಾದಿ ವಿಷಯಗಳು. ನಡುವೆ ಗ್ರಾಹಕರ ವರ್ತನೆ, ಮಾರುಕಟ್ಟೆ ಸಂಶೋಧನೆ, ಬ್ರ್ಯಾಂಡ್, ಬೆಲೆ, ಸೇವೆಗಳ ಮಾರ್ಕೆಟಿಂಗ್. ಕೊನೆಗೆ ಸ್ಟ್ರಾಟಜಿ, ಎಲೆಕ್ಟಿವ್‌ಗಳು, ಒಂದು ದೊಡ್ಡ ಪ್ರಾಜೆಕ್ಟ್ ಅಥವಾ ಡಿಸರ್ಟೇಷನ್, ಅಂದರೆ ಸಂಶೋಧನಾ ಪ್ರಬಂಧ. ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಎಲ್ಲ ವೆಬ್‌ಸೈಟುಗಳಲ್ಲೂ ಇರುತ್ತದೆ. ಒಳಗೆ ನಡೆಯುವ ಯೋಚನೆ ಎಂಥದ್ದು ಎನ್ನುವುದೇ ಹೊರಗಿನವರಿಗೆ ಕಾಣುವುದಿಲ್ಲ.

4ಪಿ ಬಾಯಿಪಾಠದಿಂದ ಶುರು

ಮೊದಲ ತಿಂಗಳಲ್ಲೇ 4ಪಿ ಬರುತ್ತದೆ. ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್. 1960ರಲ್ಲಿ ಜೆರೋಮ್ ಮೆಕಾರ್ಥಿ ಇದನ್ನು ಹೀಗೆ ಜೋಡಿಸಿದರು. 1981ರಲ್ಲಿ ಬೂಮ್ಸ್ ಮತ್ತು ಬಿಟ್ನರ್ ಸೇವೆಗಳಿಗಾಗಿ ಇನ್ನೂ ಮೂರು ಸೇರಿಸಿದರು: ಪೀಪಲ್ (ಜನ), ಪ್ರೋಸೆಸ್ (ಪ್ರಕ್ರಿಯೆ), ಫಿಸಿಕಲ್ ಎವಿಡೆನ್ಸ್ (ಕಣ್ಣಿಗೆ ಕಾಣುವ ಕುರುಹುಗಳು). ಅಲ್ಲಿಗೆ 7ಪಿ ಆಯಿತು.

ಇದನ್ನು ಬಾಯಿಪಾಠ ಮಾಡಿ ಪಾಸಾಗಬಹುದು, ಅದು ನಿಜ. ಆದರೆ ಇದರ ಉಪಯೋಗ ಇರುವುದು ಆ ನಾಲ್ಕು ಪದಗಳ ನಡುವಿನ ಎಳೆತದಲ್ಲಿ. ಬೆಲೆ ಇಳಿಸಿದರೆ ಅಂಗಡಿಯವರಿಗೆ ಸಿಗುವ ಲಾಭ ಕಡಿಮೆಯಾಗುತ್ತದೆ, ಆಗ ಅವರು ಸರಕನ್ನು ಮುಂದಿನ ಸಾಲಿನಲ್ಲಿ ಇಡುವುದಿಲ್ಲ, ಮುಂದಿನ ಸಾಲಿನಲ್ಲಿ ಇಲ್ಲದಿದ್ದರೆ ಜಾಹೀರಾತು ನೋಡಿ ಬಂದವರಿಗೂ ಅದು ಸಿಗುವುದಿಲ್ಲ. ಒಂದನ್ನು ಅಲುಗಾಡಿಸಿದರೆ ಉಳಿದ ಮೂರೂ ಅಲುಗಾಡುತ್ತವೆ. ಪರೀಕ್ಷೆಯಲ್ಲಿ ನಾಲ್ಕನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಬರೆಯುವ ವಿದ್ಯಾರ್ಥಿಗೂ, ಒಂದು ಇನ್ನೊಂದನ್ನು ಹೇಗೆ ಬದಲಾಯಿಸುತ್ತದೆ ಎಂದು ಬರೆಯುವ ವಿದ್ಯಾರ್ಥಿಗೂ ಅಂಕದಲ್ಲಿ ದೊಡ್ಡ ವ್ಯತ್ಯಾಸ ಬರುವುದು ಇಲ್ಲೇ.

ಇದರ ಜೊತೆಗೇ ಬರುವುದು ಎಸ್‌ಟಿಪಿ. ಸೆಗ್ಮೆಂಟೇಷನ್, ಟಾರ್ಗೆಟಿಂಗ್, ಪೊಸಿಷನಿಂಗ್. ಅಂದರೆ ಕೊಳ್ಳುವವರನ್ನು ಗುಂಪು ಮಾಡುವುದು, ಯಾವ ಗುಂಪಿಗೆ ಮಾರಬೇಕೆಂದು ಆರಿಸುವುದು, ಅವರ ಮನಸ್ಸಿನಲ್ಲಿ ನಮ್ಮ ಸರಕಿಗೆ ಒಂದು ಜಾಗ ಮಾಡಿಕೊಳ್ಳುವುದು. ಎಲ್ಲರಿಗೂ ಒಂದೇ ಥರ ಮಾರುವ ಬದಲು ಮಾರುಕಟ್ಟೆಯನ್ನು ಗುಂಪುಗಳಾಗಿ ನೋಡಬೇಕು ಎಂದು ವೆಂಡೆಲ್ ಸ್ಮಿತ್ 1956ರಲ್ಲಿ ಬರೆದರು. ಹೊಸ ವಿದ್ಯಾರ್ಥಿಗಳು ಥಟ್ಟನೆ ವಯಸ್ಸು, ಲಿಂಗ, ಆದಾಯ ಎಂದು ಭಾಗ ಮಾಡಿಬಿಡುತ್ತಾರೆ. ಸುಲಭ, ಆದರೆ ಬಹಳ ಸಲ ಉಪಯೋಗಕ್ಕೆ ಬಾರದು. ಒಂದೇ ವಯಸ್ಸಿನ, ಒಂದೇ ಆದಾಯದ ಇಬ್ಬರು ಲ್ಯಾಪ್‌ಟಾಪ್ ಕೊಳ್ಳುತ್ತಾರೆ ಎಂದುಕೊಳ್ಳಿ. ಒಬ್ಬರಿಗೆ ಪ್ರಯಾಣದಲ್ಲಿ ಹೊರಲು ಹಗುರವಾಗಿರಬೇಕು, ಇನ್ನೊಬ್ಬರಿಗೆ ವಿಡಿಯೋ ಎಡಿಟ್ ಮಾಡಲು ಶಕ್ತಿ ಬೇಕು. ಇಲ್ಲಿ ಗುಂಪು ಮಾಡಬೇಕಾದ್ದು ಅಗತ್ಯದ ಮೇಲೆ, ಹುಟ್ಟಿದ ವರ್ಷದ ಮೇಲಲ್ಲ.

ಕೇಳಿದ್ದೇ ತಪ್ಪು ಪ್ರಶ್ನೆಯಾದರೆ

ಮಾರುಕಟ್ಟೆ ಸಂಶೋಧನೆ ಎಂಬ ಪೇಪರನ್ನು ಬಹಳ ಜನ ಬೇಸರದಿಂದ ಓದುತ್ತಾರೆ. ಇಡೀ ಡಿಗ್ರಿಯಲ್ಲಿ ಒಂದೇ ಪೇಪರ್ ಮನಸ್ಸಿಟ್ಟು ಓದಿ ಎಂದರೆ ನಾನು ತೋರಿಸುವುದು ಇದನ್ನೇ.

ಮೊದಲು ಸ್ಯಾಂಪಲ್ ಲೆಕ್ಕ. 400 ಜನರನ್ನು ಯಾದೃಚ್ಛಿಕವಾಗಿ, ಅಂದರೆ ಎಲ್ಲರಿಗೂ ಸಮಾನ ಅವಕಾಶ ಇರುವ ಹಾಗೆ ಚೀಟಿ ಎತ್ತಿದಂತೆ ಆರಿಸಿ, ಒಂದು ಹೌದು-ಇಲ್ಲ ಪ್ರಶ್ನೆ ಕೇಳಿದರೆ ಉತ್ತರ ಸುಮಾರು 5 ಶೇಕಡಾ ಅಂಶ ಆಚೀಚೆ ಇರಬಹುದು. ಈ ತಪ್ಪನ್ನು ಅರ್ಧಕ್ಕೆ ಇಳಿಸಬೇಕಾದರೆ 800 ಜನ ಸಾಲುವುದಿಲ್ಲ, 1600 ಬೇಕು. ನಿಖರತೆ ಎರಡು ಪಟ್ಟಾಗಲು ಜನ ನಾಲ್ಕು ಪಟ್ಟಾಗಬೇಕು. ಸಮೀಕ್ಷೆಗಳು ದುಬಾರಿಯಾಗುವ ಒಂದು ದೊಡ್ಡ ಕಾರಣ ಈ ಗಣಿತವೇ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಆರಿಸಿದ ರೀತಿಯೇ ಓರೆಯಾಗಿದ್ದರೆ, ಉದಾಹರಣೆಗೆ ನಿಮ್ಮ ಸ್ನೇಹಿತರ ವಾಟ್ಸಾಪ್ ಗುಂಪುಗಳಿಗಷ್ಟೇ ಲಿಂಕ್ ಕಳಿಸಿದ್ದರೆ, 10,000 ಉತ್ತರ ಬಂದರೂ ಆ ಓರೆ ಹಾಗೇ ಉಳಿಯುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ತಪ್ಪು ಉತ್ತರದ ಮೇಲೆ ನಂಬಿಕೆ ಹೆಚ್ಚುತ್ತದೆ, ಅಷ್ಟೇ.

ಸ್ಯಾಂಪಲ್ ಸರಿಯಿದ್ದು, ಸಂಖ್ಯೆಯೂ ಬೇಕಾದಷ್ಟಿದ್ದು, ಆದರೂ ಎಡವಿದ ಕಥೆ ಪ್ರತಿ ಕ್ಲಾಸಿನಲ್ಲೂ ಬರುತ್ತದೆ. 1985ರ ಏಪ್ರಿಲ್ 23ರಂದು ಕೋಕಾ-ಕೋಲಾ ಕಂಪನಿ ತನ್ನ ಹಳೆಯ ರುಚಿ ಬದಲಾಯಿಸಿತು. ಅದಕ್ಕೂ ಮುಂಚೆ ಸುಮಾರು 2 ಲಕ್ಷ ರುಚಿ ಪರೀಕ್ಷೆಗಳನ್ನು ನಡೆಸಿತ್ತು, ಹೊಸ ರುಚಿಗೇ ಹೆಚ್ಚು ಮತ ಬಿದ್ದಿತ್ತು. ಆದರೂ ಜನ ರೊಚ್ಚಿಗೆದ್ದರು. 79 ದಿನಗಳಲ್ಲಿ ಹಳೆಯ ರುಚಿ ವಾಪಸ್ ಬಂತು.

ಡೇಟಾ ಸುಳ್ಳು ಹೇಳಲಿಲ್ಲ. 'ಈ ಎರಡು ಲೋಟಗಳಲ್ಲಿ ಯಾವುದು ಚೆನ್ನಾಗಿದೆ?' ಎಂಬ ಪ್ರಶ್ನೆಗೆ ಜನ ಸರಿಯಾಗಿಯೇ ಉತ್ತರಿಸಿದ್ದರು. ಕಂಪನಿ ಮಾಡಲು ಹೊರಟಿದ್ದ ಕೆಲಸ ಮಾತ್ರ ಬೇರೆ. ಹೊಸದನ್ನು ತಂದು ಹಳೆಯದನ್ನು ತೆಗೆದುಹಾಕುವುದು ಅದರ ಯೋಜನೆ. 'ನೀವು ಇಷ್ಟು ವರ್ಷ ಕುಡಿದದ್ದು ಇನ್ನು ಎಲ್ಲಿಯೂ ಸಿಗುವುದಿಲ್ಲ, ಪರವಾಗಿಲ್ಲವಾ?' ಎಂಬ ಪ್ರಶ್ನೆಯ ತೂಕ ಆ ಪರೀಕ್ಷೆಗಳಲ್ಲಿ ಬರಲೇ ಇಲ್ಲ. ಒಂದು ಗುಟುಕು ಕುಡಿದು ಹೇಳುವ ಅಭಿಪ್ರಾಯಕ್ಕೂ, ವರ್ಷಗಟ್ಟಲೆ ಜೊತೆಯಲ್ಲಿದ್ದ ವಸ್ತು ಕೈತಪ್ಪಿದಾಗ ಆಗುವ ಸಂಕಟಕ್ಕೂ ಸಂಬಂಧ ಕಡಿಮೆ. ಹಾಗಾಗಿ ಪ್ರಶ್ನಾವಳಿ ಬರೆಯುವ ಮುಂಚೆ ಒಳ್ಳೆಯ ಮೇಷ್ಟ್ರು ಕೇಳುವುದು ಒಂದನ್ನೇ: ಈ ಉತ್ತರ ಬಂದ ಮೇಲೆ ಯಾವ ನಿರ್ಧಾರ ತಗೋತೀರಿ? ನಿರ್ಧಾರ ಮೊದಲು ಸ್ಪಷ್ಟವಾಗಬೇಕು. ಪ್ರಶ್ನೆ ಅದರ ಹಿಂದೆ ಬರಬೇಕು.

ಗ್ರಾಹಕರ ವರ್ತನೆ, ಮತ್ತು ಅರ್ಧ ಸತ್ಯಗಳು

ವಿದ್ಯಾರ್ಥಿಗಳಿಗೆ ತುಂಬಾ ಇಷ್ಟವಾಗುವ ಪೇಪರ್ ಇದು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್‌ಮನ್ ಮತ್ತು ಏಮಸ್ ಟ್ವೆರ್‌ಸ್ಕಿ 1979ರಲ್ಲಿ ತೋರಿಸಿದ್ದು ಇಲ್ಲಿ ಪದೇ ಪದೇ ಬರುತ್ತದೆ. ಒಂದು ಮೊತ್ತ ಸಿಕ್ಕಾಗ ಆಗುವ ಖುಷಿಗಿಂತ ಅಷ್ಟೇ ಮೊತ್ತ ಕಳೆದುಕೊಂಡಾಗ ಆಗುವ ನೋವು ದೊಡ್ಡದು. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಇದಕ್ಕೆ ಕೊಡುವ ಉದಾಹರಣೆ ಸೊಗಸಾಗಿದೆ. ನಗದಿಗೂ ಕಾರ್ಡಿಗೂ ಬೇರೆ ಬೇರೆ ಬೆಲೆ ಇಡುವ ಮಾತು ಬಂದಾಗ ಕ್ರೆಡಿಟ್ ಕಾರ್ಡ್ ಕಂಪನಿಗಳು, ಆ ವ್ಯತ್ಯಾಸವನ್ನು ಕಾರ್ಡಿಗೆ ಹೆಚ್ಚುವರಿ ಶುಲ್ಕ ಎನ್ನಬೇಡಿ, ನಗದಿಗೆ ರಿಯಾಯಿತಿ ಎನ್ನಿ ಎಂದು ಬಯಸಿದವು. ಕೈಯಿಂದ ಹೋಗುವ ಹಣ ಎರಡರಲ್ಲೂ ಒಂದೇ. ಶುಲ್ಕ ಎಂದರೆ ಕಳೆದುಕೊಂಡಂತೆ ಅನ್ನಿಸುತ್ತದೆ, ರಿಯಾಯಿತಿ ತಪ್ಪಿದರೆ ಅಷ್ಟು ಚುಚ್ಚುವುದಿಲ್ಲ.

ಇಂಥ ವಿಷಯ ಓದುವಾಗ ಖುಷಿಯಾಗುತ್ತದೆ, ಅಲ್ವಾ? ಅಪಾಯ ಇರುವುದೂ ಅಲ್ಲೇ. 2000ದಲ್ಲಿ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಪ್ರಕಟಿಸಿದ ಜಾಮ್ ಪ್ರಯೋಗವನ್ನೇ ನೋಡಿ. ಅಂಗಡಿಯೊಂದರಲ್ಲಿ 24 ಬಗೆಯ ಜಾಮ್ ಇಟ್ಟಾಗ ರುಚಿ ನೋಡಲು ಹೆಚ್ಚು ಜನ ನಿಂತರು, ಆದರೆ ನಿಂತವರಲ್ಲಿ ಶೇಕಡಾ 3ರಷ್ಟು ಜನ ಮಾತ್ರ ಕೊಂಡರು. 6 ಬಗೆ ಇಟ್ಟಾಗ ನಿಂತವರಲ್ಲಿ ಶೇಕಡಾ 30ರಷ್ಟು ಜನ ಕೊಂಡರು. ಆಯ್ಕೆ ಜಾಸ್ತಿಯಾದರೆ ಜನ ಕೊಳ್ಳುವುದಿಲ್ಲ ಎಂದು ಲೋಕವೆಲ್ಲ ಬರೆಯಿತು. 2010ರಲ್ಲಿ ಬೇರೆ ಸಂಶೋಧಕರು ಇಂಥ ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಬಂತು. ಕೆಲವು ಕಡೆ ಹೆಚ್ಚು ಆಯ್ಕೆ ಕೆಡಿಸಿತ್ತು, ಕೆಲವು ಕಡೆ ಒಳ್ಳೆಯದೇ ಮಾಡಿತ್ತು.

ಹಾಗಾದರೆ ಜಾಮ್ ಪ್ರಯೋಗ ಸುಳ್ಳೇ? ಹಾಗಲ್ಲ. ಯಾವ ಸಂದರ್ಭದಲ್ಲಿ ಹೀಗಾಗುತ್ತದೆ ಎಂಬುದು ಈಗಿನ ಪ್ರಶ್ನೆ. ಕೊಳ್ಳುವವರಿಗೆ ತಮಗೇನು ಬೇಕು ಎಂದು ಮುಂಚೆಯೇ ಗೊತ್ತಿಲ್ಲದಿದ್ದಾಗ, ಆಯ್ಕೆಗಳನ್ನು ಹೋಲಿಸುವುದು ಕಷ್ಟವಾದಾಗ ಗೊಂದಲ ಹೆಚ್ಚುತ್ತದೆ ಎಂದು ಆಮೇಲಿನ ಅಧ್ಯಯನಗಳು ಹೇಳುತ್ತವೆ. ಪ್ರಬಂಧದಲ್ಲಿ 24 ಮತ್ತು 6ರ ಕಥೆಯಷ್ಟೇ ಹೇಳಿ ನಿಲ್ಲಿಸಬೇಡಿ, ಈ ಮುಂದಿನ ಭಾಗವನ್ನೂ ಬರೆಯಿರಿ. ಮೇಷ್ಟ್ರು ಹುಡುಕುತ್ತಿರುವುದು ಅದನ್ನೇ.

ಲೆಕ್ಕ ಬಿಟ್ಟು ಓಡಿಹೋಗುವಂತಿಲ್ಲ

ಬೆಲೆಯ ಬಗ್ಗೆ ಒಂದು ಲೆಕ್ಕ ಇಲ್ಲೇ ಮಾಡೋಣ, ಇದರಷ್ಟು ಕಣ್ಣು ತೆರೆಸುವ ಲೆಕ್ಕ ಈ ಕೋರ್ಸಿನಲ್ಲಿ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಒಂದು ವಸ್ತುವಿನ ಬೆಲೆ 100. ಅದನ್ನು ತಯಾರಿಸಲು ತಗಲುವ ಖರ್ಚು 60. ಅಂದರೆ ಒಂದು ಮಾರಿದರೆ 40 ಉಳಿಯುತ್ತದೆ. 3000 ವಸ್ತು ಮಾರಿದರೆ 1,20,000. ಇದರಲ್ಲಿ ಬಾಡಿಗೆ, ಸಂಬಳದಂಥ ಸ್ಥಿರ ಖರ್ಚು ಕಳೆದು ಮಿಕ್ಕದ್ದು ಲಾಭ.

ಈಗ ಯಾರೋ ಮೀಟಿಂಗಿನಲ್ಲಿ 'ಶೇಕಡಾ 10 ರಿಯಾಯಿತಿ ಕೊಡೋಣ, ಏನು ಮಹಾ' ಎನ್ನುತ್ತಾರೆ. ಬೆಲೆ 90 ಆಗುತ್ತದೆ. ಖರ್ಚು 60 ಹಾಗೇ ಇದೆ. ಉಳಿಯುವುದು 30. ಅದೇ 1,20,000 ಬರಬೇಕಾದರೆ 4000 ಮಾರಬೇಕು. ಬೆಲೆ 10 ಶೇಕಡಾ ಇಳಿಸಿದ್ದಕ್ಕೆ ಮಾರಾಟ 33 ಶೇಕಡಾ ಏರಬೇಕು, ಅದೂ ಲಾಭ ಹೆಚ್ಚಲು ಅಲ್ಲ, ಮುಂಚೆ ಇದ್ದಲ್ಲೇ ಇರಲು! ತಿರುಗಿಸಿ ನೋಡಿ. ಬೆಲೆ 110 ಮಾಡಿದರೆ ಒಂದಕ್ಕೆ 50 ಉಳಿಯುತ್ತದೆ, 2400 ಮಾರಿದರೆ ಸಾಕು. ಐದರಲ್ಲಿ ಒಂದು ಪಾಲು ಮಾರಾಟ ಕಳೆದುಕೊಂಡರೂ ನಷ್ಟವಿಲ್ಲ.

ಹಾಗಂತ ಯಾವಾಗಲೂ ಬೆಲೆ ಏರಿಸಿ ಎಂದಲ್ಲ. ಬೆಲೆ ಬದಲಾದಾಗ ಮಾರಾಟ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಸ್ಥಿತಿಸ್ಥಾಪಕತ್ವ ಎಂಬ ಅಳತೆ ಇದೆ, ಅದು ವಸ್ತುವಿನಿಂದ ವಸ್ತುವಿಗೆ ಬೇರೆ. ಮೊದಲ ಸೆಮಿಸ್ಟರಿನ ಅರ್ಥಶಾಸ್ತ್ರದಲ್ಲಿ 'ಇದೆಲ್ಲ ಯಾಕೆ' ಎಂದುಕೊಂಡು ಓದಿದ್ದು ಇಲ್ಲಿ ಕೈಗೆ ಬರುತ್ತದೆ. ಅಕೌಂಟಿಂಗ್‌ನ ಸ್ಥಿರ ಖರ್ಚು, ಬದಲಾಗುವ ಖರ್ಚು ಕೂಡ.

ಇನ್ನೊಂದು ಚಿಕ್ಕ ಲೆಕ್ಕ. ಪ್ರತಿ ವರ್ಷ ಗ್ರಾಹಕರಲ್ಲಿ ಶೇಕಡಾ 80 ಜನ ಉಳಿದುಕೊಳ್ಳುತ್ತಾರೆ ಎಂದುಕೊಳ್ಳಿ. ಬಿಟ್ಟುಹೋಗುವವರು ಶೇಕಡಾ 20, ಅಂದರೆ ಒಬ್ಬ ಗ್ರಾಹಕ ಸರಾಸರಿ 5 ವರ್ಷ ಜೊತೆಗಿರುತ್ತಾನೆ. ಉಳಿಯುವವರು ಶೇಕಡಾ 90 ಆದರೆ ಸರಾಸರಿ 10 ವರ್ಷ. ಹತ್ತೇ ಅಂಕ ಏರಿದ್ದು, ಅವಧಿ ಎರಡು ಪಟ್ಟು. ಪ್ರತಿ ವರ್ಷವೂ ಅದೇ ಪ್ರಮಾಣದಲ್ಲಿ ಜನ ಬಿಡುತ್ತಾರೆ ಎಂಬ ಊಹೆ ಇದರಲ್ಲಿದೆ, ನಿಜ ಜೀವನದಲ್ಲಿ ಹೊಸಬರು ಬೇಗ ಬಿಡುವುದುಂಟು. ಗ್ರಾಹಕನ ಒಟ್ಟು ಮೌಲ್ಯದ ಲೆಕ್ಕ ಮುಂದಿನ ವರ್ಷಗಳಲ್ಲಿ ಬರುತ್ತದೆ, ಅದರ ತಳಪಾಯ ಇಷ್ಟೇ.

ಜಾಹೀರಾತಿನಿಂದಲೇ ಮಾರಾಟ ಆಯಿತಾ?

ಈಗ ಡಿಜಿಟಲ್ ಮಾರ್ಕೆಟಿಂಗ್. ಎಲ್ಲರೂ ಇದಕ್ಕೇ ಸೇರುತ್ತಾರೆ. ಕ್ಲಿಕ್ ಎಷ್ಟು, ಯಾರು ನೋಡಿದರು, ಯಾರು ಕೊಂಡರು, ಎಲ್ಲ ಸ್ಕ್ರೀನ್ ಮೇಲೆ ಬರುತ್ತದೆ, ಹಾಗಾಗಿ ಇಲ್ಲಿ ಊಹೆಗೆ ಜಾಗವಿಲ್ಲ ಎಂಬ ನಂಬಿಕೆ ಇದೆ. ಆದರೆ ಇದೇ ಡಿಗ್ರಿಯ ಎರಡನೆಯ ಪ್ರಶ್ನೆ, 'ನಿಮಗೆ ಹೇಗೆ ಗೊತ್ತು' ಎನ್ನುವುದು, ಅತಿ ಹೆಚ್ಚು ಬೇಕಾಗುವ ಜಾಗ.

ಒಬ್ಬರು ಒಂದು ಶೂ ಬಗ್ಗೆ ವಿಡಿಯೋ ನೋಡುತ್ತಾರೆ. ಒಂದು ವಾರದ ನಂತರ ಸ್ನೇಹಿತರ ಕಾಲಲ್ಲಿ ಅದೇ ಶೂ ಕಾಣುತ್ತದೆ. ರಿವ್ಯೂ ಓದುತ್ತಾರೆ. ಕೊನೆಗೆ ಸರ್ಚ್‌ನಲ್ಲಿ ಆ ಬ್ರ್ಯಾಂಡಿನ ಹೆಸರನ್ನೇ ಟೈಪ್ ಮಾಡಿ, ಮೇಲೆ ಬಂದ ಜಾಹೀರಾತಿನ ಲಿಂಕ್ ಒತ್ತಿ ಕೊಳ್ಳುತ್ತಾರೆ. ಲಾಸ್ಟ್ ಕ್ಲಿಕ್ ಎಂಬ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ ಪೂರ್ತಿ ಶ್ರೇಯ ಆ ಸರ್ಚ್ ಜಾಹೀರಾತಿಗೆ. ಆದರೆ ಅವರು ಹೆಸರನ್ನೇ ಟೈಪ್ ಮಾಡಿದ್ದರು, ಹೇಗಿದ್ದರೂ ಬರುವವರೇ ಆಗಿದ್ದರು.

ಇದನ್ನು ಆನ್‌ಲೈನ್‌ನಲ್ಲಿ ಕೊಳ್ಳುವ, ಮಾರುವ ತಾಣವಾದ ಇಬೇ ಕಂಪನಿಯಲ್ಲಿ ಅರ್ಥಶಾಸ್ತ್ರಜ್ಞರು ನಿಜವಾಗಿ ಪರೀಕ್ಷಿಸಿದರು. ಬ್ಲೇಕ್, ನೊಸ್ಕೊ, ಟಡೇಲಿಸ್ ಎಂಬ ಮೂವರು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಂಪನಿಯ ಹೆಸರಿಗೇ ಬರುತ್ತಿದ್ದ ಸರ್ಚ್ ಜಾಹೀರಾತುಗಳನ್ನು ಕೆಲವು ಸರ್ಚ್ ಎಂಜಿನ್‌ಗಳಲ್ಲಿ ನಿಲ್ಲಿಸಿ ನೋಡಿದರು. ಜಾಹೀರಾತಿನ ಮೂಲಕ ಬರುತ್ತಿದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಅದರ ಕೆಳಗಿದ್ದ ಉಚಿತ ಲಿಂಕ್ ಒತ್ತಿ ಬಂದರು. ಬೇರೆ ಪದಗಳ ಜಾಹೀರಾತನ್ನು ಕೆಲವು ಪ್ರದೇಶಗಳಲ್ಲಿ ಮಾತ್ರ ನಿಲ್ಲಿಸಿ ಉಳಿದ ಕಡೆ ಮುಂದುವರಿಸಿದಾಗಲೂ ಸರಾಸರಿ ಮಾರಾಟದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹೊಸಬರ ಮೇಲೆ, ಅಪರೂಪಕ್ಕೆ ಬರುವವರ ಮೇಲೆ ಜಾಹೀರಾತು ಕೆಲಸ ಮಾಡುತ್ತಿತ್ತು. ಪದೇ ಪದೇ ಕೊಳ್ಳುವವರ ಮೇಲೆ ಖರ್ಚು ಸುಮ್ನೆ ಹೋಗುತ್ತಿತ್ತು.

ಇದರಿಂದ ಸರ್ಚ್ ಜಾಹೀರಾತೇ ವ್ಯರ್ಥ ಎಂದು ಹೇಳಿದರೆ ಮತ್ತೆ ಜಾಮ್ ಕಥೆಯೇ ಆಗುತ್ತದೆ. ಇಬೇ ಎಲ್ಲರಿಗೂ ಗೊತ್ತಿದ್ದ ಹೆಸರು. ಯಾರಿಗೂ ಗೊತ್ತಿಲ್ಲದ ಹೊಸ ಕಂಪನಿಯಲ್ಲಿ ಉತ್ತರ ಬೇರೆ ಬರಬಹುದು. ತೆಗೆದುಕೊಳ್ಳಬೇಕಾದ್ದು ವಿಧಾನವನ್ನು. ಒಂದು ಗುಂಪಿಗೆ ಜಾಹೀರಾತು ತೋರಿಸಿ, ಅಂಥದ್ದೇ ಇನ್ನೊಂದು ಗುಂಪಿಗೆ ತೋರಿಸದೆ, ವ್ಯತ್ಯಾಸ ನೋಡಿ. ಎ/ಬಿ ಟೆಸ್ಟ್ ಎನ್ನುವುದರ ಬೇರು ಇದು. ಯಾವ ಆ್ಯಪಿನಲ್ಲಿ ಯಾವ ಬಟನ್ ಎಲ್ಲಿದೆ ಎಂಬುದು ನೀವು ಡಿಗ್ರಿ ಮುಗಿಸುವ ಹೊತ್ತಿಗೆ ಬದಲಾಗಿರುತ್ತದೆ. ಹೋಲಿಸಲು ಇನ್ನೊಂದು ಗುಂಪು ಎಲ್ಲಿದೆ ಎಂದು ಕೇಳುವ ಅಭ್ಯಾಸ ಹಳತಾಗುವುದಿಲ್ಲ.

ಮೇಷ್ಟ್ರುಗಳೇ ಒಪ್ಪದ ವಿಷಯಗಳು

ಹೊಸ ವಿದ್ಯಾರ್ಥಿಗಳಿಗೆ ಕಸಿವಿಸಿ ಆಗುವುದು ಇಲ್ಲಿ. ನಿಷ್ಠಾವಂತ ಗ್ರಾಹಕರನ್ನು ಬೆಳೆಸುವುದೇ ಬ್ರ್ಯಾಂಡಿನ ಕೆಲಸ ಎಂದು ಒಂದು ಪೇಪರ್ ಹೇಳುತ್ತದೆ. ಆಂಡ್ರೂ ಎಹ್ರೆನ್‌ಬರ್ಗ್ ಹಾದಿಯ ಸಂಶೋಧಕರು, ಈಗ ಆಸ್ಟ್ರೇಲಿಯಾದ ಬೈರನ್ ಶಾರ್ಪ್ ಮೊದಲಾದವರು, ಇದನ್ನು ಪ್ರಶ್ನಿಸುತ್ತಾರೆ. ಅವರು ಕೊಳ್ಳುವಿಕೆಯ ದಾಖಲೆಗಳಲ್ಲಿ ಮತ್ತೆ ಮತ್ತೆ ಕಂಡದ್ದು ಹೀಗಿದೆ. ಸಣ್ಣ ಬ್ರ್ಯಾಂಡಿಗೆ ಕೊಳ್ಳುವವರ ಸಂಖ್ಯೆ ಬಹಳ ಕಡಿಮೆ, ಅದರ ಮೇಲೆ ಆ ಕೆಲವರು ಕೊಳ್ಳುವುದೂ ಸ್ವಲ್ಪ ಕಡಿಮೆ ಸಲ. ಇದಕ್ಕೆ ಡಬಲ್ ಜೆಪರ್ಡಿ ಎನ್ನುತ್ತಾರೆ. ಹಾಗಾಗಿ ಬ್ರ್ಯಾಂಡ್ ಬೆಳೆಯುವುದು ಇರುವವರನ್ನು ಇನ್ನಷ್ಟು ನಿಷ್ಠರನ್ನಾಗಿ ಮಾಡುವುದರಿಂದ ಅಲ್ಲ, ಹೊಸಬರನ್ನು, ಅಪರೂಪಕ್ಕೆ ಕೊಳ್ಳುವವರನ್ನು ಹೆಚ್ಚಿಸುವುದರಿಂದ ಎಂಬುದು ಅವರ ವಾದ. ಮೇಲೆ ನಾವೇ ಮಾಡಿದ 80-90ರ ಲೆಕ್ಕಕ್ಕೆ ಇದು ಸವಾಲು. ಲೆಕ್ಕ ತಪ್ಪಿಲ್ಲ, ಆದರೆ ಉಳಿಯುವವರನ್ನು 80ರಿಂದ 90ಕ್ಕೆ ಏರಿಸುವುದು ನಿಮ್ಮ ಕೈಯಲ್ಲಿ ಇದೆಯೇ ಎಂಬುದೇ ಅವರ ಪ್ರಶ್ನೆ.

ಯಾರು ಸರಿ? ಚಂದಾ ಕಟ್ಟಿ ಬಳಸುವ ಸೇವೆಗೂ ಆಗಾಗ ಕೊಳ್ಳುವ ಸೋಪಿಗೂ ಉತ್ತರ ಒಂದೇ ಇರಬೇಕಿಲ್ಲ ಎಂದು ನನ್ನ ಅನಿಸಿಕೆ. ಒಂದೇ ಸರಿಯುತ್ತರ ಕೊಡಿ ಎಂದು ಕಾಯುವವರಿಗೆ ಈ ಡಿಗ್ರಿ ಕಷ್ಟವಾಗುತ್ತದೆ.

ನೀತಿಯ ವಿಷಯವನ್ನು ಕೆಲವು ಕಡೆ ಕೊನೆಯ ಒಂದು ಉಪನ್ಯಾಸಕ್ಕೆ ತಳ್ಳಿಬಿಡುತ್ತಾರೆ, ಅದು ನನಗೆ ಒಪ್ಪಿಗೆಯಿಲ್ಲ. ನಷ್ಟದ ಭಯ ಜನರನ್ನು ಹೇಗೆ ನಡೆಸುತ್ತದೆ ಎಂದು ಕಲಿತ ಕೈಯೇ ಸುಳ್ಳು ಕೌಂಟ್‌ಡೌನ್ ಗಡಿಯಾರವನ್ನೂ ಮಾಡಬಲ್ಲದು. ಸೇರುವುದಕ್ಕೆ ಒಂದು ಕ್ಲಿಕ್, ಬಿಡುವುದಕ್ಕೆ ಹತ್ತು ಪುಟ ಇಡುವಂಥ ವಿನ್ಯಾಸಗಳಿಗೆ ಹ್ಯಾರಿ ಬ್ರಿಗ್ನಲ್ 2010ರಲ್ಲಿ ಡಾರ್ಕ್ ಪ್ಯಾಟರ್ನ್ ಎಂದು ಹೆಸರಿಟ್ಟರು. ಜನರ ವೈಯಕ್ತಿಕ ಡೇಟಾ ಕಾಪಾಡುವ ಯುರೋಪ್ ಒಕ್ಕೂಟದ ಜಿಡಿಪಿಆರ್ ಕಾನೂನು 2018ರ ಮೇ 25ರಿಂದ ಜಾರಿಗೆ ಬಂದ ಮೇಲೆ, ಯಾರ ಡೇಟಾ ಯಾವ ಆಧಾರದ ಮೇಲೆ ಇಟ್ಟುಕೊಂಡಿದ್ದೀರಿ ಎಂಬುದು ಮಾರ್ಕೆಟಿಂಗ್ ವಿಭಾಗದವರೇ ಉತ್ತರಿಸಬೇಕಾದ ಪ್ರಶ್ನೆಯಾಯಿತು. ಗ್ರಾಹಕರ ವರ್ತನೆ ಕಲಿಸುವ ದಿನವೇ ಇದನ್ನೂ ಕಲಿಸಬೇಕು.

ಕೇಸ್, ಗುಂಪು ಕೆಲಸ, ಡಿಸರ್ಟೇಷನ್

ಕೇಸ್ ಎಂದರೆ ಒಂದು ಕಂಪನಿ ಒಂದು ನಿರ್ಧಾರದ ಎದುರು ನಿಂತ ಸಂದರ್ಭದ ವಿವರ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೊದಲ ಕೇಸ್ ಸಂಗ್ರಹ, 1920ರಲ್ಲಿ ಮೆಲ್ವಿನ್ ಕೋಪ್‌ಲ್ಯಾಂಡ್ ತಂದದ್ದು, ಮಾರ್ಕೆಟಿಂಗ್ ವಿಷಯದ್ದೇ. ಬಹಳ ವಿದ್ಯಾರ್ಥಿಗಳು ಕೇಸಿನಲ್ಲಿ ಇರುವುದನ್ನೇ ತಮ್ಮ ಮಾತಿನಲ್ಲಿ ಮತ್ತೆ ಬರೆಯುತ್ತಾರೆ, ಶಕ್ತಿ, ದೌರ್ಬಲ್ಯ, ಅವಕಾಶ, ಅಪಾಯ ಎಂದು ನಾಲ್ಕು ಮನೆಗಳ ಒಂದು ಸ್ವಾಟ್ ಚೌಕ ಹಾಕುತ್ತಾರೆ, ಮುಗಿಸುತ್ತಾರೆ. ಬದಲಿಗೆ ಮೊದಲ ವಾಕ್ಯದಲ್ಲೇ ನಿಮ್ಮ ನಿರ್ಧಾರ ಹೇಳಿ. ಆಮೇಲೆ ಕಾರಣ, ಒಂದು ಲೆಕ್ಕ, ಮತ್ತು ಯಾವ ಮಾಹಿತಿ ಸಿಕ್ಕರೆ ಈ ನಿರ್ಧಾರ ಬದಲಾಯಿಸುತ್ತೀರಿ ಎಂಬುದು. ಈ ಕೊನೆಯದನ್ನು ಬರೆಯುವವರು ಕಡಿಮೆ.

ಗುಂಪು ಕೆಲಸದಲ್ಲಿ ಜಗಳ ಆಗುತ್ತದೆ. ಯಾರು ಏನು, ಯಾವ ದಿನದೊಳಗೆ ಎಂದು ಮೊದಲ ದಿನವೇ ಬರೆದಿಟ್ಟರೆ ಅರ್ಧ ಜಗಳ ಕಡಿಮೆ. ಇಂಟರ್ನ್‌ಷಿಪ್ ಸಿಕ್ಕರೆ ಬಿಡಬೇಡಿ, ಕೆಲವು ಯೂನಿವರ್ಸಿಟಿಗಳಲ್ಲಿ ನಡುವೆ ಇಡೀ ವರ್ಷ ಕೆಲಸ ಮಾಡಿ ಬರುವ ವ್ಯವಸ್ಥೆಯೂ ಇದೆ. ಹಾಗೆ ಹೋಗಿ ಬಂದವರಿಗೆ ಕೊನೆಯ ವರ್ಷದ ಸ್ಟ್ರಾಟಜಿ ಪೇಪರ್ ಬೇರೆಯೇ ರೀತಿ ಅರ್ಥವಾಗುತ್ತದೆ.

ಡಿಸರ್ಟೇಷನ್‌ಗೆ 'ಸೋಶಿಯಲ್ ಮೀಡಿಯಾದ ಪ್ರಭಾವ' ಎಂಬ ವಿಷಯ ಆರಿಸುವವರು ಪ್ರತಿ ವರ್ಷವೂ ಇರುತ್ತಾರೆ. ಅದು ವಿಷಯವೇ ಅಲ್ಲ, ಒಂದು ಖಂಡ. ಕಿರಿದು ಮಾಡುತ್ತಾ ಹೋಗಿ. ಯಾವ ಮಾಧ್ಯಮ, ಯಾರ ಮೇಲೆ, ಯಾವ ವರ್ತನೆ, ಯಾವುದಕ್ಕೆ ಹೋಲಿಸಿ? 'ರಿವ್ಯೂಗಳಲ್ಲಿ ಒಂದೆರಡು ಕೆಟ್ಟ ಅಭಿಪ್ರಾಯ ಇದ್ದಾಗ, ಪೂರ್ತಿ ಒಳ್ಳೆಯವೇ ಇದ್ದಾಗಿನದಕ್ಕಿಂತ ಓದುವವರ ನಂಬಿಕೆ ಹೆಚ್ಚುತ್ತದೆಯೇ?' ಎಂಬುದನ್ನು ಒಬ್ಬ ವಿದ್ಯಾರ್ಥಿ ಪರೀಕ್ಷಿಸಬಹುದು. ಎರಡು ನಕಲಿ ಪುಟ ಮಾಡಿ, ಜನರನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದೇ ಪ್ರಶ್ನೆಗಳನ್ನು ಕೇಳಿ. ಯೂನಿವರ್ಸಿಟಿಯ ನೈತಿಕ ಸಮಿತಿಯ ಅನುಮತಿ ಮುಂಚೆಯೇ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ, ಹಾಗಾಗಿ ವಿಷಯ ಬೇಗ ಗಟ್ಟಿ ಮಾಡಿ.

ಇನ್ನೂ ಯೂನಿವರ್ಸಿಟಿ ಆರಿಸುತ್ತಿರುವವರಿಗೆ ಒಂದು ಮಾತು. ಬ್ರೋಷರಿನ ಫೋಟೋ ಬಿಟ್ಟು ಸಿಲಬಸ್ ತೆರೆಯಿರಿ. ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರ ಕಡ್ಡಾಯವೋ ಐಚ್ಛಿಕವೋ ನೋಡಿ. ಅಂಕ ಪೂರ್ತಿ ಬರೆಯುವ ಪರೀಕ್ಷೆಗೋ, ನಿಜವಾದ ಡೇಟಾದ ಮೇಲೆ ಮಾಡುವ ಕೆಲಸಕ್ಕೂ ಇದೆಯೋ ನೋಡಿ. ಎಲ್ಲ ಪೇಪರಿನ ಹೆಸರಿನಲ್ಲೂ ಯಾವುದೋ ಒಂದು ಆ್ಯಪಿನ ಹೆಸರೇ ತುಂಬಿದ್ದರೆ ಅನುಮಾನ ಪಡಿ. ಆಮೇಲೆ ವಿಭಾಗಕ್ಕೆ ಒಂದು ಇಮೇಲ್ ಬರೆದು ಕೇಳಿ: ಕಳೆದ ವರ್ಷದ ಕೊನೆಯ ಸೆಮಿಸ್ಟರ್ ವಿದ್ಯಾರ್ಥಿಗಳು ಯಾವ ಯಾವ ಪ್ರಶ್ನೆಗಳ ಮೇಲೆ ಪ್ರಾಜೆಕ್ಟ್ ಮಾಡಿದರು, ಡೇಟಾ ಎಲ್ಲಿಂದ ತಂದರು? ಆ ಪಟ್ಟಿ ಕಳಿಸಿದರೆ ಕೂತು ಓದಿ, ಅಲ್ಲಿ ಅಷ್ಟೂ ವರ್ಷ ಏನು ಕಲಿಸುತ್ತಾರೆ ಎಂಬುದು ಅದರಲ್ಲೇ ಕಾಣುತ್ತದೆ.